ಮಾಂಜಿ ಏರಿದ ಎತ್ತರ

ಮಣಿಪಾಲದ ಬದಿಯ ಒಂದು ಖಾಸಗಿ ಕಾಲೇಜಿನ ಕ್ಯಾಂಟೀನಿನಲ್ಲಿ ಬಂಗುಡೆ ಫ್ರೈ ನಿಂತು ಒಂದೂವರೆ ವರ್ಷ ಆಗಿತ್ತು. ನಿಲ್ಲಿಸಿದವರು ಡಾ. ಲಾಯ್ಡ್ ಮತಾಯಸ್. ಅವರು ಅಲ್ಲಿ ವಾಯುಮಂಡಲ ವಿಜ್ಞಾನದ ಪ್ರೊಫೆಸರು. ಜೊತೆಗೆ ‘ಹಸಿರು ತಟ್ಟೆ’ ಎಂಬ ಸಮಿತಿಯ ಅಧ್ಯಕ್ಷರು. ಒಂದು ಮೀನು ಕಡಲಿನಿಂದ ತಟ್ಟೆಗೆ ಬರುವಷ್ಟರಲ್ಲಿ ಬೋಟಿನ ಡೀಸೆಲು, ಐಸು, ಲಾರಿ, ಫ್ರಿಜ್ಜು ಎಲ್ಲ ಸೇರಿ ಎಷ್ಟು ಹೊಗೆ ಉಗುಳುತ್ತವೆ ಎಂಬುದನ್ನು ಅವರು ಪರದೆಯ ಮೇಲೆ ತೋರಿಸಿದ್ದರು. ತಾನು ಹುಟ್ಟಿ ಬೆಳೆದದ್ದು ಶಿರ್ವದಲ್ಲಿ, ಮೀನಿಲ್ಲದ ಊಟವನ್ನು ಊಟವೆಂದೇ ಎಣಿಸದ ಮನೆಯಲ್ಲಿ. ಆದರೂ ಭೂಮಿಗೋಸ್ಕರ ಬಿಟ್ಟಿದ್ದೇನೆ ಎಂದು ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ಚಪ್ಪಾಳೆ ಬಿತ್ತು. ಮರುದಿನದಿಂದ ಬಂಗುಡೆಯ ಜಾಗಕ್ಕೆ ಸೋಯಾ ಉಂಡೆ ಬಂತು.

ಕಾಲೇಜಿನ ವ್ಯಾನು ಓಡಿಸುವ ದೂಮಪ್ಪ ಆ ಉಂಡೆಯನ್ನು ಒಂದು ದಿನ ತಿಂದ. ಮರುದಿನದಿಂದ ಮನೆಯಿಂದಲೇ ಬುತ್ತಿ ತಂದ. ಅವನು ಯಾರ ಮೇಲೂ ದೂರು ಹೇಳುವ ಜನ ಅಲ್ಲ. ಆದರೆ ಬೇರೆಯವರಿಗೆ ಗೊತ್ತಿಲ್ಲದ ಒಂದು ಸಂಗತಿ ಅವನಿಗೆ ಗೊತ್ತಿತ್ತು. ಭೂಮಿಗೋಸ್ಕರ ಮೀನು ಬಿಟ್ಟ ಪ್ರೊಫೆಸರರು ಬಲೂನು ಹಾರಿಸಲು ಕಾಪುವಿಗೆ ಹೋದಾಗಲೆಲ್ಲ ಎರಡು ಬಿಳಿ ಮಾಂಜಿ ಮೀನು ಮನೆಗೆ ಒಯ್ಯುತ್ತಿದ್ದರು.

ಬಲೂನಿನ ಕೆಲಸ ಹೀಗೆ. ಕಾಪುವಿನ ಕಡಲ ಬದಿಯ ಬಯಲಿನಲ್ಲಿ, ಗಾಳಿ ಏಳುವ ಮೊದಲು, ಆಳೆತ್ತರದ ಬಿಳಿ ಬಲೂನಿಗೆ ಗ್ಯಾಸು ತುಂಬಬೇಕು. ಅದರ ಕೆಳಗೊಂದು ಪ್ಯಾರಾಚೂಟ್, ಅದರ ಕೆಳಗೆ ಹಗ್ಗದಲ್ಲಿ ಒಂದು ಥರ್ಮಾಕೋಲ್ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಗಾಳಿ ಎಳೆಯುವ ಸಣ್ಣ ಪಂಪು, ಓಝೋನ್ ಅಳೆಯುವ ದ್ರಾವಣದ ಎರಡು ಬಟ್ಟಲು, ಒಂದು ಉಷ್ಣಮಾಪಕ, ಒಂದು ಗಡಿಯಾರ, ಎಲ್ಲವನ್ನೂ ಬರೆದಿಡುವ ಒಂದು ಕಾರ್ಡು. ಬಲೂನು ಮೂವತ್ತು ಕಿಲೋಮೀಟರ್ ಏರಿ ಒಡೆಯುತ್ತದೆ. ಪೆಟ್ಟಿಗೆ ಎಲ್ಲೋ ಗದ್ದೆಗೋ ಗುಡ್ಡಕ್ಕೋ ಬೀಳುತ್ತದೆ. ಸಿಕ್ಕಿದವರು ಅಡಿಯಲ್ಲಿ ಅಂಟಿಸಿದ ನಂಬರಿಗೆ ಫೋನು ಮಾಡುತ್ತಾರೆ. ಎತ್ತರ ಅಳೆಯುವ ಯಂತ್ರ ದುಬಾರಿಯೆಂದು ಪ್ರೊಫೆಸರರು ಅದನ್ನು ಹಾಕಿಸಿರಲಿಲ್ಲ. ಬಲೂನು ಸೆಕೆಂಡಿಗೆ ಐದು ಮೀಟರ್ ಏರುತ್ತದೆ, ಗಡಿಯಾರ ನೋಡಿದರೆ ಎತ್ತರ ತಾನಾಗಿ ತಿಳಿಯುತ್ತದೆ ಎನ್ನುವುದು ಅವರ ಕ್ರಮ. ಇದಕ್ಕೆ ಅವರು ‘ದೇಶೀ ವಿಧಾನ’ ಎಂದು ಹೆಸರಿಟ್ಟಿದ್ದರು.

ಪೆಟ್ಟಿಗೆಗಳನ್ನೂ ದೇಶೀ ಕ್ರಮದಲ್ಲೇ ಕಾಪುವಿನ ಮೀನು ವ್ಯಾಪಾರಿ ಉಸ್ಮಾನ್ ಅವರಿಂದ ಕೊಂಡದ್ದು. ಗಿರಾಕಿಗಳಿಗೆ ಮೀನು ಕಟ್ಟಿಕೊಡುವ, ಒಂದು ಕಿಲೋ ಹಿಡಿಯುವ ಸಣ್ಣ ಪೆಟ್ಟಿಗೆಗಳು ಅವು. ಐಸಿನ ನೀರು ಇಳಿಯಲು ಬದಿಯಲ್ಲಿ ಕೊರೆದ ತೂತು ಗಾಳಿ ಎಳೆಯುವುದಕ್ಕೂ ಸರಿಹೋಯಿತು. ಪೆಟ್ಟಿಗೆಯ ಸುತ್ತ ಬೆಳ್ಳಿ ಬಣ್ಣದ ಟೇಪು ಸುತ್ತಿದರೆ ಉಪಕರಣ ತಯಾರು. ಆಮೇಲೆ ಪ್ರೊಫೆಸರರು ಅದೇ ಟೇಪಿನ ಒಂದು ಸುರುಳಿಯನ್ನು ಉಸ್ಮಾನ್ ಅವರಿಗೂ ಕೊಟ್ಟು, ತನ್ನ ಮಾಂಜಿಯ ಪೆಟ್ಟಿಗೆಗೂ ಹೀಗೆಯೇ ಸುತ್ತಬೇಕೆಂದು ಹೇಳಿದರು. ಕ್ವಾರ್ಟರ್ಸಿನ ಗೇಟಿನಲ್ಲಿ ಯಾರು ಕಂಡರೂ ಪ್ರೊಫೆಸರರು ಮನೆಯಲ್ಲಿಯೂ ವಿಜ್ಞಾನ ಮಾಡುತ್ತಾರೆ ಎಂದುಕೊಳ್ಳುತ್ತಿದ್ದರು.

ಈ ಎಲ್ಲ ಕೆಲಸದ ಭಾರ ಹೊತ್ತವಳು ಜಯಮಾಲಾ. ಅವಳ ಅಪ್ಪ ರೇವಪ್ಪ ಇಪ್ಪತ್ತು ವರ್ಷದ ಹಿಂದೆ ಬಾದಾಮಿ ಕಡೆಯಿಂದ ಮಣಿಪಾಲಕ್ಕೆ ಬಂದು ಕಟ್ಟಡಗಳ ಸೆಂಟ್ರಿಂಗ್ ಕೆಲಸ ಹಿಡಿದವನು. ಅವ್ವ ಯಮನವ್ವ ಒಂದು ಹೊಲಿಗೆ ಮಿಷನ್ನು ಇಟ್ಟುಕೊಂಡವಳು. ಜಯಮಾಲಾ ಇಲ್ಲಿಯ ಶಾಲೆಯಲ್ಲೇ ಓದಿ ಈಗ ಪ್ರೊಫೆಸರರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು. ಹನ್ನೆರಡು ಬಲೂನುಗಳ ಲೆಕ್ಕ ಒಪ್ಪಿಸಿದರೆ ಥೀಸಿಸ್ಸಿಗೆ ಸಹಿ ಎಂದು ಪ್ರೊಫೆಸರರು ಮಾತು ಕೊಟ್ಟಿದ್ದರು. ನಾಲ್ಕು ವರ್ಷದಲ್ಲಿ ಹನ್ನೊಂದು ಹಾರಿದ್ದವು, ಹನ್ನೊಂದೂ ಸಿಕ್ಕಿದ್ದವು. ಪ್ಯಾರಾಚೂಟ್‌ಗಳನ್ನು ಯಮನವ್ವನೇ ಕಿತ್ತಳೆ ಬಣ್ಣದ ಕೊಡೆ ಬಟ್ಟೆಯಲ್ಲಿ ಹೊಲಿದು ಕೊಡುತ್ತಿದ್ದಳು. ಬರಿ ಅಂಚಿನ ಅರಿವಿ ಮೇಲಕ್ಕೆ ಕಳಿಸಬಾರದು ಎಂದು ಅಂಚಿಗೆ ಒಂದು ಸಾಲು ಕಸೂತಿಯನ್ನೂ ಹಾಕುತ್ತಿದ್ದಳು. ಪ್ರೊಫೆಸರರು ಮೊದಲು ಬೇಡವೆಂದರು. ಆಮೇಲೆ ವರದಿಯಲ್ಲಿ ಅದನ್ನು ‘ಅಂಚಿನ ಬಲವರ್ಧನೆ’ ಎಂದು ಬರೆದುಕೊಂಡರು.

ಮೇಲೆ ಏನು ಅಳೆಯುತ್ತೀ ಎಂದು ರೇವಪ್ಪ ಒಮ್ಮೆ ಕೇಳಿದ್ದ. ಜಯಮಾಲಾ ಹೇಳಿದಳು. ಮೇಲೆ ಹೋದ ಹಾಗೆ ಚಳಿ ಏರುತ್ತದೆ. ಹದಿನೇಳು ಕಿಲೋಮೀಟರಿನ ಹೊತ್ತಿಗೆ ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ. ಅಲ್ಲಿಂದ ಆಚೆ ಮತ್ತೆ ಬಿಸಿ ಏರತೊಡಗುತ್ತದೆ. ಅಲ್ಲಿ ಓಝೋನ್ ಹೆಚ್ಚು. ಅದು ಬಿಸಿಲಿನ ಉರಿಕಿರಣವನ್ನು ಕುಡಿದು ಸುತ್ತಲಿನ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಅದು ಕಡಿಮೆಯಾದರೆ ಆ ಪದರ ತಣ್ಣಗಾಗುತ್ತದೆ. ರೇವಪ್ಪ ಯೋಚಿಸಿ, ಹಂಗಾದ್ರ ಅವೆರಡೂ ಜೋಡೆತ್ತು ಇದ್ದಂಗ, ಒಂದು ಎದ್ರ ಇನ್ನೊಂದೂ ಏಳತೈತಿ ಎಂದ. ಅವಳಿಗೆ ಅದು ಸರಿ ಅನ್ನಿಸಿತು. ಹನ್ನೊಂದು ನಕ್ಷೆಗಳಲ್ಲಿಯೂ ಆ ಎತ್ತರದಲ್ಲಿ ಎರಡು ಗೆರೆ ಒಟ್ಟಿಗೇ ಏರಿದ್ದವು.

ಹನ್ನೆರಡನೆಯ ಬಲೂನು ಶಿವರಾತ್ರಿಯ ಮರುದಿನ ಬೆಳಿಗ್ಗೆ ಏಳಕ್ಕೆ ಹಾರಿತು.

ಯಾವಾಗಲೂ ಮಾಂಜಿಯ ಪೆಟ್ಟಿಗೆ ವ್ಯಾನಿಗೆ ಬರುವುದು ಬಲೂನು ಹೋದ ಮೇಲೆ. ಅಂದು ಒಳ್ಳೆಯ ಮೀನು ಬೇಗ ಬಂದದ್ದರಿಂದ ಉಸ್ಮಾನ್ ಮೊದಲೇ ತಂದರು. ಜಯಮಾಲಾ ಆಗಷ್ಟೇ ಉಪಕರಣದ ಗಡಿಯಾರ ಚಾಲೂ ಮಾಡಿ, ಟೇಪು ಸುತ್ತಿ, ಪೆಟ್ಟಿಗೆಯನ್ನು ವ್ಯಾನಿನ ಮುಂದಿನ ಸೀಟಿನಲ್ಲಿಟ್ಟು ಬಲೂನಿನ ಕುತ್ತಿಗೆ ಹಿಡಿಯಲು ಓಡಿದ್ದಳು. ಉಸ್ಮಾನ್ ಬಾಗಿಲು ತೆರೆದು, ಸೀಟಿನಲ್ಲಿದ್ದ ಪೆಟ್ಟಿಗೆಯನ್ನು ಮರ್ಯಾದೆಯಿಂದ ಕೆಳಗಿಳಿಸಿ, ಮಾಂಜಿ ಜಜ್ಜಿ ಹೋಗಬಾರದೆಂದು ಆ ಜಾಗದಲ್ಲಿ ತನ್ನದನ್ನು ಇಟ್ಟರು. ದೂಮಪ್ಪ ಬಂದು ಸೀಟಿನ ಮೇಲಿದ್ದದ್ದನ್ನು ಎತ್ತಿಕೊಂಡು ಹೋಗಿ ಹಗ್ಗಕ್ಕೆ ಬಿಗಿದ. ಎರಡಕ್ಕೂ ತೂಕ ಹೆಚ್ಚುಕಡಿಮೆ ಒಂದೇ. ಬಲೂನು ನೆಟ್ಟಗೆ ಏರಿತು. ಪ್ರೊಫೆಸರರು ಹಣೆಗೆ ಕೈ ಹಿಡಿದು, ಅದು ಚುಕ್ಕಿಯಾಗುವ ತನಕ ನೋಡಿ, ಕರಾವಳಿಯ ಆಕಾಶ ನಮಗೆ ಇನ್ನೂ ಏನೇನು ಹೇಳಲಿಕ್ಕುಂಟೋ ಎಂದರು.

ಅಷ್ಟರಲ್ಲಿ ಅವರಿಗೆ ಉಡುಪಿಯಿಂದ ಫೋನು ಬಂತು. ‘ಹಸಿರು ತಟ್ಟೆ’ಯನ್ನು ಬೇರೆ ಕಾಲೇಜುಗಳಿಗೂ ಹಬ್ಬಿಸುವ ಸಭೆ, ಕೂಡಲೇ ಬರಬೇಕು. ಮೀನು ಇಟ್ಟುಕೊಂಡು ಆ ಸಭೆಗೆ ಹೋಗುವುದು ಹೇಗೆ? ಪ್ರೊಫೆಸರರು ವ್ಯಾನಿನಲ್ಲಿ ಉಳಿದಿದ್ದ ಪೆಟ್ಟಿಗೆಯನ್ನು ಟವಲಿನಲ್ಲಿ ಮುಚ್ಚಿ ಉಸ್ಮಾನ್ ಅವರ ಕೈಗೆ ಕೊಟ್ಟು, ಸಂಜೆಯ ತನಕ ಐಸ್ ರೂಮಿನಲ್ಲಿರಲಿ ಎಂದು ಮೆಲ್ಲಗೆ ಹೇಳಿದರು.

ಸಂಜೆ ಮನೆಯಲ್ಲಿ ಅವರ ಹೆಂಡತಿ ಆಂಜೆಲಾ ಮಸಾಲೆ ಅರೆದಿಟ್ಟು, ಕಾವಲಿ ಬಿಸಿ ಮಾಡಿ, ಟೇಪು ಬಿಡಿಸಿದರು. ಒಳಗೆ ಪಂಪು, ಎರಡು ಬಟ್ಟಲು, ವಯರು, ಬ್ಯಾಟರಿ.

“ಇದನ್ನು ರವೆಯಲ್ಲಿ ಹೊರಳಿಸಬೇಕಾ?” ಎಂದು ಆಂಜೆಲಾ ಕೇಳಿದರು.

ಪ್ರೊಫೆಸರರು ಕಾವಲಿಯ ಕೆಳಗಿನ ಉರಿ ಆರಿಸಿದರು. ಆ ರಾತ್ರಿ ಅವರ ಮನೆಯಲ್ಲಿ ಸೋಯಾ ಉಂಡೆಯೂ ಇರಲಿಲ್ಲ.

ಮರುದಿನ ಅವರು ಪೆಟ್ಟಿಗೆಯನ್ನು ವಿಭಾಗಕ್ಕೆ ತಂದು, ಕಾಪುವಿನ ಕಡಲ ಬದಿಯಲ್ಲಿ ಯಾರಿಗೋ ಸಿಕ್ಕಿತು ಎಂದಷ್ಟೇ ಹೇಳಿದರು. ಬಲೂನು ಅರ್ಧದಲ್ಲೇ ಒಡೆದಿರಬೇಕು, ಇದನ್ನು ಬಿಟ್ಟುಬಿಡಿ ಎನ್ನುವುದು ಅವರ ಮನಸ್ಸಿನಲ್ಲಿದ್ದ ಮುಂದಿನ ವಾಕ್ಯ. ಆದರೆ ಜಯಮಾಲಾ ಅಷ್ಟರಲ್ಲಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದ್ದಳು. ಅದೇ ಹೊತ್ತಿಗೆ ಕಾಲೇಜಿನ ನಿರ್ದೇಶಕರು ಒಳಗೆ ಬಂದರು. ಪರದೆಯ ಮೇಲೆ ಇಂಥ ನಕ್ಷೆ ಅದುವರೆಗೆ ಬಂದಿರಲಿಲ್ಲ. ಆರು, ಹದಿನೈದು, ಇಪ್ಪತ್ನಾಲ್ಕು ಕಿಲೋಮೀಟರಿನಲ್ಲಿ ಓಝೋನಿನ ಮೂರು ದಪ್ಪ ಪದರ. ಒಂದೊಂದೂ ಮೂರು ಕಿಲೋಮೀಟರ್ ದಪ್ಪ, ಮೆಟ್ಟಿಲು ಕಡಿದ ಹಾಗೆ. ಪದರ ಬಂದಲ್ಲೆಲ್ಲ ಉಷ್ಣತೆ ಎರಡು ಡಿಗ್ರಿ ಇಳಿದಿತ್ತು. ನಿರ್ದೇಶಕರು ವಾಣಿಜ್ಯ ಓದಿದವರು. ಬಹಳ ಅಚ್ಚುಕಟ್ಟಾಗಿದೆಯಲ್ಲ ಎಂದರು.

ಪ್ರೊಫೆಸರರು ನಕ್ಷೆಯನ್ನು ನೋಡಿದರು, ನಿರ್ದೇಶಕರ ಮುಖವನ್ನು ನೋಡಿದರು. ಹೌದು ಸರ್, ಇದನ್ನು ನಾನು ನಿರೀಕ್ಷಿಸಿದ್ದೆ ಎಂದರು.

ಸುಳ್ಳು ಮೊದಲ ದಿನ ಹೇಳಿದವನನ್ನು ಹೆದರಿಸುತ್ತದೆ. ಒಂದು ವಾರ ಮನೆಯಲ್ಲಿಟ್ಟುಕೊಂಡರೆ ಬೆಕ್ಕಿನ ಹಾಗೆ ಕಾಲು ಸುತ್ತತೊಡಗುತ್ತದೆ. ಉಷ್ಣತೆ ಸೊನ್ನೆಯ ಕೆಳಗೆ ಹದಿನೆಂಟು ಡಿಗ್ರಿ ದಾಟಲೇ ಇಲ್ಲವಲ್ಲ, ಎಂಬತ್ತು ಆಗಬೇಕಿತ್ತಲ್ಲ ಎಂದು ಜಯಮಾಲಾ ಕೇಳಿದಳು. ಪ್ರೊಫೆಸರರು ‘ಕರಾವಳಿ ತಿದ್ದುಪಡಿ’ ಎಂಬ ಒಂದು ಸಂಖ್ಯೆ ಕಂಡುಹಿಡಿದರು. ಅದರಿಂದ ಗುಣಿಸಿದರೆ ಹದಿನೆಂಟು ಎಂಬತ್ತರ ಹತ್ತಿರ ಬರುತ್ತಿತ್ತು. ಜಗತ್ತಿನಲ್ಲೆಲ್ಲ ಓಝೋನ್ ಬಿಸಿ ಮಾಡುತ್ತದೆ, ಇಲ್ಲಿ ಹೇಗೆ ತಂಪು ಮಾಡುತ್ತದೆ ಎಂದು ಕೇಳಿದಳು. ಜಗತ್ತಿನವರು ಕಾಪುವಿಗೆ ಬಂದು ಅಳೆದಿದ್ದಾರಾ ಎಂದು ಅವರು ಕೇಳಿದರು. ಮೇ ತಿಂಗಳಲ್ಲಿ ಪತ್ರಿಕೆಯೊಂದರಲ್ಲಿ ‘ಕರಾವಳಿಗೆ ಓಝೋನಿನ ತಂಪು ಕೊಡೆ’ ಎಂದು ಅವರ ಫೋಟೋ ಸಮೇತ ಬಂತು. ಆ ವಾರ ಉಡುಪಿಯಲ್ಲಿ ಸೆಕೆಗೆ ಜನ ಬೆವರು ಒರೆಸಿಕೊಂಡು ಒರೆಸಿಕೊಂಡು ಆ ಸುದ್ದಿ ಓದಿದರು.

ಜಯಮಾಲಾಳ ತೊಂದರೆ ಸಣ್ಣದಲ್ಲ. ಹನ್ನೆರಡನೆಯ ನಕ್ಷೆ ಸೇರಿಸಿದರೆ ಅವಳ ಥೀಸಿಸ್ಸೇ ತಲೆಕೆಳಗಾಗುತ್ತಿತ್ತು. ನಾಲ್ಕು ವರ್ಷ ಒಂದು ಮಾತು ಹೇಳಿದ ಹನ್ನೊಂದು ಬಲೂನುಗಳನ್ನು ಪಕ್ಕಕ್ಕಿಟ್ಟು, ಒಂದೇ ದಿನ ಉಲ್ಟಾ ಮಾತಾಡಿದ ಹನ್ನೆರಡನೆಯದಕ್ಕೆ ಅವಳು ತನ್ನ ಹೆಸರು ಹಾಕಬೇಕು. ಹಾಕದಿದ್ದರೆ ಸಹಿ ಇಲ್ಲ. ಅವಳ ಫೆಲೋಶಿಪ್ಪು ಡಿಸೆಂಬರಿಗೆ ಮುಗಿಯುತ್ತಿತ್ತು.

ಜುಲೈಯ ಒಂದು ಭಾನುವಾರ ಅವಳು ಅವ್ವನ ಜೊತೆ ಬಜಗೋಳಿಗೆ ಹೋದಳು. ಅವರ ಊರಿನ ಕಡೆಯ ಕರಿಬಸವ ಅಲ್ಲಿ ಕಲ್ಲಿನ ಕ್ವಾರಿಯಲ್ಲಿ ಕೆಲಸಕ್ಕಿದ್ದ. ಅವನ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಕಾರ್ಕಳದಲ್ಲಿ ಬಸ್ಸು ಬದಲಿಸಿ, ಮಳೆಯಲ್ಲಿ ಶೆಡ್ಡು ಹುಡುಕಿ ಮುಟ್ಟುವಾಗ ಹನ್ನೊಂದಾಗಿತ್ತು. ಯಮನವ್ವ ತಂದಿದ್ದ ಕುಂಚಿಗೆಯನ್ನು ಮಗುವಿಗೆ ತೊಡಿಸಲು ಬಗ್ಗಿದವಳು ಹಾಗೆಯೇ ನಿಂತಳು. ತೊಟ್ಟಿಲಿನ ಮೇಲೆ ಸೊಳ್ಳೆಗೂ ಹನಿಗೂ ತಡೆಯೆಂದು ಒಂದು ಕಿತ್ತಳೆ ಬಟ್ಟೆ ಕಟ್ಟಿದ್ದರು. ಅವಳು ಅದರ ಅಂಚನ್ನು ಬೆರಳಿನಲ್ಲಿ ಸವರಿದಳು.

“ಇದು ನನ್ನ ಹೊಲಿಗಿ,” ಎಂದಳು. “ನಿಮಗೆಲ್ಲಿ ಸಿಕ್ತೋ ಕರಿಬಸವಾ?”

ಕರಿಬಸವ ಕದ್ದವನ ಹಾಗೆ ನಾಚಿದ. ಶಿವರಾತ್ರಿಯ ಉಪವಾಸ ಬಿಟ್ಟ ದಿನ, ಕ್ವಾರಿಯ ಮೇಲಿನ ಗುಡ್ಡದಲ್ಲಿ, ಬಿಸಿಲು ಏರುವ ಹೊತ್ತಿಗೆ ಆಕಾಶದಿಂದ ಇಳಿಯಿತು ಎಂದ. ಕೆಳಗೆ ಒಂದು ಬೆಳ್ಳಿ ಪೆಟ್ಟಿಗೆ. ನಂಬರು ಗಿಂಬರು ಏನೂ ಬರೆದಿರಲಿಲ್ಲ, ಬರೆದಿದ್ದರೆ ಫೋನು ಮಾಡುತ್ತಿದ್ದೆ ಎಂದ.

“ಪೆಟ್ಟಿಗೆಯಲ್ಲಿ ಏನಿತ್ತು ಅಣ್ಣಾ?” ಎಂದು ಜಯಮಾಲಾ ಕೇಳಿದಳು.

“ಎರಡು ಮೀನ ಇದ್ವು ತಂಗಿ. ಅಗಲನ್ನವು, ಬೆಳ್ಳನ್ನವು. ಕಲ್ಲ ಆಗಿದ್ವು ನೋಡು. ಕಲ್ಲ ಒಡೆಯೋ ನನ್ನ ಕೈಗೇ ಮುರಿಲಿಲ್ಲ. ಬಿಸಿಲಿಗಿಟ್ಟು ಮೆತ್ತಗ ಮಾಡಿ, ಖಾರ ಹಚ್ಚಿ ತಿಂದ್ವಿ. ಮ್ಯಾಲಿನವ ಉಪವಾಸಕ್ಕ ಮೆಚ್ಚಿ ಕೊಟ್ಟಾನ ಅಂತ ಇಕಿ ಕೈ ಮುಗಿದಳು.”

ಜಯಮಾಲಾ ಆ ದಿನ ಅಲ್ಲಿ ಊಟ ಮಾಡಿ, ಮಗುವಿನ ಕಿವಿಯಲ್ಲಿ ಹೆಸರು ಹೇಳಿ, ಬಸ್ಸಿನಲ್ಲಿ ಕಾರ್ಕಳದ ತನಕ ಬೆರಳು ಮಡಿಸಿ ಎರಡು ಪೆಟ್ಟಿಗೆಗಳ ಲೆಕ್ಕ ಹಾಕುತ್ತ ಬಂದಳು.

ಸೋಮವಾರ ಅವಳು ಮೊದಲು ದೂಮಪ್ಪನನ್ನು ಕೇಳಿದಳು. ಅವನು ವ್ಯಾನಿನ ಗಾಜನ್ನು ಪೂರ್ತಿ ಒರೆಸಿ ಮುಗಿಸಿದ. ಹಗ್ಗ ಬಿಗಿಯುವಾಗ ಕೈಗೆ ತಣ್ಣಗೆ ಆಗಿತ್ತು, ಸ್ವಲ್ಪ ವಾಸನೆಯೂ ಇತ್ತು ಎಂದು ಆಮೇಲೆ ಒಪ್ಪಿಕೊಂಡ. ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

“ಎಂತ ಹೇಳುವುದು ಮೇಡಂ,” ಎಂದ ದೂಮಪ್ಪ. “ಸರ್ ಮೀನು ಬಿಟ್ಟಿದ್ದಾರಲ್ವಾ. ಬಿಟ್ಟವರ ಪೆಟ್ಟಿಗೆಯಲ್ಲಿ ಮೀನಿನ ವಾಸನೆ ಬರ್ತದೆ ಅಂತ ಡ್ರೈವರ್ ಹೇಳಿದರೆ ತಪ್ಪು ಮೂಗಿನದ್ದೇ ಆಗ್ತದೆ.”

ವ್ಯಾನಿನಲ್ಲಿ ಉಳಿದ ಪೆಟ್ಟಿಗೆಯನ್ನು ಸರ್ ಅಂದು ಉಸ್ಮಾನ್ ಅವರ ಐಸ್ ರೂಮಿಗೆ ಕಳಿಸಿದ್ದನ್ನೂ ಹೇಳಿ, ಅವನೇ ಅವಳನ್ನು ಕಾಪುವಿಗೆ ಕರೆದೊಯ್ದ. ಉಸ್ಮಾನ್ ಬಿಚ್ಚುಮನಸ್ಸಿನಿಂದ ಐಸ್ ರೂಮಿನ ದಪ್ಪ ಬಾಗಿಲು ತೆರೆದು ತೋರಿಸಿದರು. ಗೋಡೆಯಲ್ಲಿ ಒಂದು ಚೌಕದ ಯಂತ್ರ ಇತ್ತು. ಅಳಿಯ ಝಾಕಿರ್ ದುಬೈಯಿಂದ ತಂದದ್ದು, ಓಝೋನ್ ಬಿಡುತ್ತದೆ, ಮೀನಿನ ವಾಸನೆಯನ್ನು ಕೊಲ್ಲುತ್ತದೆ ಎಂದು ಹೆಮ್ಮೆಯಿಂದ ವಿವರಿಸಿದರು. ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ತಾನಾಗಿ ಓಡುತ್ತದೆ. ಅದರ ಫ್ಯಾನು ತಣ್ಣನೆಯ ಗಾಳಿಯನ್ನು ನೇರ ಕೆಳಗಿನ ಹಲಗೆಗೆ ಊದುತ್ತದೆ. ಜಯಮಾಲಾ ಬಾಗಿಲ ಬಳಿ ಐಸಿನ ಕ್ರೇಟಿನ ಮೇಲೆ ಗಡಿಯಾರ ಹಿಡಿದು ಕುಳಿತಳು. ಯಂತ್ರ ಶುರುವಾಯಿತು, ಹತ್ತು ನಿಮಿಷಕ್ಕೆ ನಿಂತಿತು, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಶುರುವಾಯಿತು. ಹತ್ತು ನಿಮಿಷಕ್ಕೆ ಮೂರು ಕಿಲೋಮೀಟರ್, ಅರ್ಧ ಗಂಟೆಗೆ ಒಂಬತ್ತು. ಕರಾವಳಿಯ ಆಕಾಶದ ಮೂರು ಮೆಟ್ಟಿಲುಗಳು ಗೋಡೆಯಲ್ಲಿ ಗುರುಗುಟ್ಟುತ್ತಿದ್ದವು.

“ಸರ್ ಆ ದಿನದ ಮಾಂಜಿ ಹೇಗಿತ್ತು ಅಂತ ಹೇಳಲೇ ಇಲ್ಲ,” ಎಂದರು ಉಸ್ಮಾನ್. “ಅಷ್ಟು ದೊಡ್ಡದು ಆ ವರ್ಷ ಮತ್ತೆ ಬಂದೇ ಇಲ್ಲ. ಒಂದು ಮಾತು ಹೇಳಬಹುದಿತ್ತು, ಅಲ್ವಾ?”

ಮಾಂಜಿ ಬಜಗೋಳಿಗೆ ಹೋದದ್ದನ್ನು ಅವಳು ಹೇಳಿದಳು. ಹೋದ ದಾರಿಯನ್ನೂ ಹೇಳಿದಳು. ಉಸ್ಮಾನ್ ಮೇಲೆ ನೋಡಿದರು, ಕೆಳಗೆ ನೋಡಿದರು. ತನ್ನ ಅಂಗಡಿಯ ಮೀನು ಕುವೈತಿನ ತನಕ ಹೋದದ್ದುಂಟು, ಇಷ್ಟು ಮೇಲೆ ಹೋದದ್ದಿಲ್ಲ ಎಂದರು.

ಪ್ರೊಫೆಸರರ ಕೋಣೆಯಲ್ಲಿ ಜಯಮಾಲಾ ನಿಂತೇ ಮಾತಾಡಿದಳು. ಬಜಗೋಳಿಯ ಬಟ್ಟೆ, ಬೆಳ್ಳಿ ಪೆಟ್ಟಿಗೆ, ಅದರೊಳಗಿನ ಎರಡು ಮೀನು, ಐಸ್ ರೂಮಿನ ಯಂತ್ರ, ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದಳು. ಅವರು ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡುತ್ತ ಕೇಳಿದರು. ಅವಳು ಮುಗಿಸಿದ ಮೇಲೆ ಕಿಟಕಿಯ ಕಡೆ ನೋಡಿದರು.

“ತಿಂದದ್ದು ಅಂತೀಯಲ್ಲ,” ಎಂದರು. “ಹಾಳಾಗಿರಲಿಲ್ಲವಾ?”

“ಕಲ್ಲಾಗಿತ್ತಂತೆ ಸರ್.”

“ಹಾಗಾದರೆ ಮೇಲೆ ಒಳ್ಳೆ ಚಳಿ ಇತ್ತು.”

ಕ್ಷಣ ಹೊತ್ತು ಅವರು ನಿಜವಾಗಿಯೂ ವಿಜ್ಞಾನಿಯ ಹಾಗೆ ಕಂಡರು. ಆಮೇಲೆ ತಂಪು ಕೊಡೆ ನೆನಪಾಯಿತು. ಕ್ವಾರಿಯವರ ಕಥೆಯನ್ನು ಪುರಾವೆ ಎನ್ನಲಾಗದು, ಯಾವ ಬಟ್ಟೆ ಯಾವ ಬಲೂನಿನದೋ ಯಾರು ಬಲ್ಲರು, ಪತ್ರಿಕೆಯಲ್ಲಿ ಬಂದಾಗಿದೆ, ಪ್ರಬಂಧ ಕಳಿಸಿಯಾಗಿದೆ ಎಂದು ಹೇಳಿದರು. ಸೆಪ್ಟೆಂಬರ್ ಹದಿನಾರು ಓಝೋನ್ ದಿನ. ಅಂದಿನ ವಿಚಾರ ಸಂಕಿರಣದಲ್ಲಿ ಹನ್ನೆರಡೂ ನಕ್ಷೆಗಳನ್ನು ಅವಳೇ ತೋರಿಸಬೇಕು. ತೋರಿಸಿದರೆ ಮರುದಿನ ಸಹಿ. ಇಲ್ಲವಾದರೆ ಹೊಸ ಅನುದಾನ, ಹೊಸ ಬಲೂನು, ಇನ್ನು ಎರಡು ವರ್ಷ.

“ಬಲೂನಿನ ಅಳತೆ ಸಿಗಲಿಲ್ಲ ಅಂತ ಬರೆದರೆ ಸಾಕು ಸರ್,” ಎಂದಳು ಅವಳು. “ಮೀನಿನ ವಿಷಯ ನಾನು ಎಲ್ಲಿಯೂ ಹೇಳುವುದಿಲ್ಲ.”

“ಮೀನು?” ಎಂದರು ಪ್ರೊಫೆಸರರು. “ಯಾವ ಮೀನು? ನಾನು ಮೀನು ತಿನ್ನುವುದಿಲ್ಲ ಅಂತ ಇಡೀ ಮಣಿಪಾಲಕ್ಕೆ ಗೊತ್ತುಂಟು.”

ಮನೆಯಲ್ಲಿ ರೇವಪ್ಪ ಮಗಳ ಮಾತನ್ನು ಪೂರ್ತಿ ಕೇಳಿಸಿಕೊಂಡ. ಎರಡು ವರ್ಷ ಎಂದರೆ ಏನೆಂದು ಅವನಿಗೆ ತಿಳಿಯುತ್ತಿತ್ತು. ಅವಳ ಫೆಲೋಶಿಪ್ಪಿನಲ್ಲೇ ತಮ್ಮನ ಓದು ನಡೆಯುತ್ತಿತ್ತು. ಬೇರೆಯವರಾದರೆ ಹಾಕಿಬಿಡು ಎನ್ನುತ್ತಿದ್ದರೋ ಏನೋ. ಅವನು ಬೀಡಿ ಆರಿಸಿ ಗೋಡೆಗೆ ಒರಗಿದ.

“ನಿಮ್ಮ ಆ ದೊಡ್ಡ ಹಾಲಿಗೆ ಸೆಂಟ್ರಿಂಗ್ ಹೊಡದಾಂವ ನಾನ,” ಎಂದ. “ಹಲಗಿ ಓರೆ ಐತಿ ಅಂತ ಗೊತ್ತಾದ ಮ್ಯಾಲೆ ಕಾಂಕ್ರೀಟ್ ಹಾಕಬಾರದವ್ವ. ಇಂಜಿನೀರ್ ಸಹಿ ಮಾಡಿ ಹೊಕ್ಕಾನ. ಕೆಳಗ ಕೂಡೋರು ಮಂದಿ.”

ಸೆಪ್ಟೆಂಬರ್ ಹದಿನಾರರಂದು ಆ ದೊಡ್ಡ ಹಾಲಿನಲ್ಲಿ ಏಸಿಯನ್ನು ಹದಿನೆಂಟಕ್ಕೆ ಇಟ್ಟಿದ್ದರು. ಭೂಮಿ ಬಿಸಿಯಾಗುತ್ತಿದೆ ಎಂಬ ಭಾಷಣವನ್ನು ಮುಂದಿನ ಸಾಲಿನವರು ಶಾಲು ಹೊದ್ದು ಕೇಳಿದರು. ಮುಖ್ಯ ಅತಿಥಿ ನಿವೃತ್ತ ಹವಾಮಾನ ಅಧಿಕಾರಿ. ಅವರಿಗೆ ಸಸಿಯೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಡಲಾಯಿತು. ನಿರ್ದೇಶಕರು ಮಾತಾಡಿದರು. ಪ್ರೊಫೆಸರರು ಕರಾವಳಿಯ ತಂಪು ಕೊಡೆಯ ಬಗ್ಗೆ ಪೀಠಿಕೆ ಹಾಕಿ, ವಿವರ ನಮ್ಮ ಹುಡುಗಿ ತೋರಿಸುತ್ತಾಳೆ ಎಂದು ಕುಳಿತರು. ಹಿಂದಿನ ಸಾಲಿನಲ್ಲಿ ದೂಮಪ್ಪನ ಪಕ್ಕ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಉಸ್ಮಾನ್ ಕುಳಿತಿದ್ದರು. ನಿಮ್ಮ ಐಸ್ ರೂಮು ಪರದೆಯ ಮೇಲೆ ಬರುತ್ತದೆ ಎಂದು ಜಯಮಾಲಾ ಹೇಳಿದ್ದಳು. ಬಂದರೆ ನೋಡಲೇಬೇಕಲ್ಲ ಎಂದು ಅವರು ಅಂಗಡಿಯನ್ನು ಮಧ್ಯಾಹ್ನದ ತನಕ ಮುಚ್ಚಿ ಬಂದಿದ್ದರು.

ಜಯಮಾಲಾ ಹನ್ನೊಂದು ನಕ್ಷೆಗಳನ್ನು ತೋರಿಸಿದಳು. ಹದಿನೇಳು ಕಿಲೋಮೀಟರಿನಿಂದ ಮೇಲೆ ಎರಡು ಗೆರೆಗಳು ಜೊತೆಯಾಗಿ ಏರಿದವು, ಹನ್ನೊಂದು ಸಲ. ಓಝೋನ್ ಇದ್ದಲ್ಲಿ ಬಿಸಿ, ಇಲ್ಲದಲ್ಲಿ ತಂಪು, ಎಂದಳು. ಪ್ರೊಫೆಸರರ ಮುಖದಲ್ಲಿ, ಈಗ ಬರುತ್ತದೆ ನೋಡಿ ಎಂಬ ನಗು ಇತ್ತು. ಹನ್ನೆರಡನೆಯದು ಬಂತು. ಅದೇ ಮೂರು ಮೆಟ್ಟಿಲು. ಆದರೆ ಬದಿಯಲ್ಲಿ ಕಿಲೋಮೀಟರ್ ಇರಲಿಲ್ಲ. ಗಂಟೆ ನಿಮಿಷ ಇತ್ತು. ತಿದ್ದುಪಡಿಯ ಗುಣಾಕಾರವೂ ಇರಲಿಲ್ಲ.

“ಇದು ಕಾಪುವಿನ ಒಂದು ಮೀನಿನ ಐಸ್ ರೂಮಿನ ಅಳತೆ,” ಎಂದಳು ಜಯಮಾಲಾ. “ಎತ್ತರ ನೆಲದಿಂದ ನಾಲ್ಕು ಅಡಿ.”

ಹಿಂದಿನ ಸಾಲಿನಲ್ಲಿ ಉಸ್ಮಾನ್ ಎದ್ದು ನಿಂತರು.

“ಮೂರು ಅಡಿ ಮೇಡಂ,” ಎಂದರು. “ಕೆಳಗಿನ ಹಲಗೆಯಲ್ಲಿ ಇಟ್ಟದ್ದು.”

ಮುಖ್ಯ ಅತಿಥಿ ಮೊದಲ ಸಲ ಶಾಲು ಸರಿಸಿ ನೆಟ್ಟಗೆ ಕುಳಿತರು. ಆಕಾಶಕ್ಕೆ ಹೋಗಬೇಕಾದ ಉಪಕರಣ ಐಸ್ ರೂಮಿಗೆ ಹೇಗೆ ಹೋಯಿತು ಎಂದು ಸೌಮ್ಯವಾಗಿ ಕೇಳಿದರು. ಜಯಮಾಲಾ ಪ್ರೊಫೆಸರರ ಕಡೆ ನೋಡಿದಳು. ಸಾಲುಸಾಲಾಗಿ ತಲೆಗಳು ಡಾ. ಲಾಯ್ಡ್ ಮತಾಯಸರ ಕಡೆ ತಿರುಗಿದವು. ಅವರು ನಿಧಾನವಾಗಿ ಎದ್ದರು, ಕನ್ನಡಕ ತೆಗೆದರು, ಒರೆಸಿದರು. ಒರೆಸಲು ತಗಲಿದ ಅಷ್ಟು ಹೊತ್ತಿನಲ್ಲಿ ಒಬ್ಬ ಮನುಷ್ಯ ಏನೆಲ್ಲ ಯೋಚಿಸಬಹುದೋ ಅಷ್ಟನ್ನೂ ಯೋಚಿಸಿದರು.

“ಇದೇ ನಮ್ಮ ಯೋಜನೆಯ ವಿಶೇಷ,” ಎಂದರು. “ಹನ್ನೊಂದು ಆಕಾಶದಲ್ಲಿ, ಒಂದು ನೆಲದಲ್ಲಿ. ಹೋಲಿಕೆ ಇಲ್ಲದೆ ವಿಜ್ಞಾನ ಇಲ್ಲ. ಓಝೋನ್ ಬರೀ ಇದ್ದರೆ ಬಿಸಿಯಾಗುವುದಿಲ್ಲ, ಅದರ ಮೇಲೆ ಸೂರ್ಯನ ಕಿರಣ ಬೀಳಬೇಕು ಎಂಬುದನ್ನು ಬಿಸಿಲೇ ಇಲ್ಲದ ಐಸ್ ರೂಮಿಗಿಂತ ಚೆನ್ನಾಗಿ ಯಾವುದು ತೋರಿಸೀತು?”

ದೊಡ್ಡ ಚಪ್ಪಾಳೆ ಬಿತ್ತು. ದುರದೃಷ್ಟವೆಂದರೆ ಅವರು ಹೇಳಿದ್ದು ವಿಜ್ಞಾನದ ಪ್ರಕಾರ ಸರಿಯೇ ಆಗಿತ್ತು. ತಂಪು ಕೊಡೆ ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ನಿರ್ದೇಶಕರು ಉಸ್ಮಾನ್ ಅವರನ್ನು ವೇದಿಕೆಗೆ ಕರೆದು, ಅವರಿಗೂ ಒಂದು ಸಸಿ ಕೊಟ್ಟರು. ಓಝೋನ್ ಬಿಟ್ಟರೆ ಮೀನು ವಾಸನೆ ಬರುವುದಿಲ್ಲವೇ ಎಂದು ಕುತೂಹಲದಿಂದ ಕೇಳಿದರು. ಮರುದಿನದ ಪತ್ರಿಕೆಯಲ್ಲಿ ‘ಓಝೋನ್ ಇದ್ದರೆ ಮೀನು ತಾಜಾ: ಮಣಿಪಾಲದಲ್ಲಿ ಸಂಶೋಧನೆ’ ಎಂದು ಬಂತು, ಅದೇ ಫೋಟೋ ಸಮೇತ. ತಿಂಗಳೊಳಗೆ ‘ಹಸಿರು ಮೀನು’ ಎಂಬ ಹೊಸ ಸಮಿತಿ ಹುಟ್ಟಿತು. ಪ್ರಯೋಗದ ಅಂಗವಾಗಿ ಕ್ಯಾಂಟೀನಿಗೆ ಬಂಗುಡೆ ಮರಳಿತು. ವೈಜ್ಞಾನಿಕ ಕಾರಣಕ್ಕಾಗಿ ಮೀನು ತಿನ್ನಬೇಕಾಗಿ ಬಂದ ಕಷ್ಟವನ್ನು ಪ್ರೊಫೆಸರರು ಸ್ಟಾಫ್ ರೂಮಿನಲ್ಲಿ ವಿವರಿಸಿದರು. ದೂಮಪ್ಪ ಬುತ್ತಿ ತರುವುದನ್ನು ನಿಲ್ಲಿಸಿದ.

ಸಹಿಯನ್ನು ಮಾತ್ರ ಅವರು ಬೇಗ ಮಾಡಲಿಲ್ಲ. ವಾರಗಟ್ಟಲೆ ಥೀಸಿಸ್ಸು ಅವರ ಮೇಜಿನ ಮೇಲಿತ್ತು. ಆದರೆ ಹನ್ನೆರಡೂ ಅಳತೆ ಮುಗಿದವು ಎಂದು ಇನ್ನೂರು ಜನರ ಮುಂದೆ ಅವರೇ ಹೇಳಿಯಾಗಿತ್ತು; ತಡೆಯಲು ಕಾರಣ ಬೇಕಿತ್ತು, ಕಾರಣ ಹೇಳಿದರೆ ಪೆಟ್ಟಿಗೆ ತೆರೆಯಬೇಕಿತ್ತು. ನವೆಂಬರಿನ ಒಂದು ಸಂಜೆ ಅವಳನ್ನು ಕರೆದರು. ಕೊನೆಯ ಪುಟ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಹೆಸರು ಬರೆದು, ಕೆಳಗೆ ಎರಡು ಗೆರೆ ಎಳೆದರು. ಜಯಮಾಲಾ ಪುಸ್ತಕ ತೆಗೆದುಕೊಂಡು ಬಾಗಿಲಿಗೆ ಹೋದಾಗ ಹಿಂದಿನಿಂದ ಕರೆದರು. ಅವರ ದನಿಯಲ್ಲಿ ಹೊಸದೊಂದು ಉತ್ಸಾಹ ಇತ್ತು.

“ಒಂದು ಯೋಚನೆ ಬಂತು. ಆ ಮಾಂಜಿ ಎಷ್ಟು ಎತ್ತರಕ್ಕೆ ಹೋಗಿತ್ತು ಅಂತ ನಮ್ಮ ವಿಧಾನದಲ್ಲಿ ಲೆಕ್ಕ ಹಾಕಬಹುದಾ? ಒಂದು ಸಣ್ಣ ಪ್ರಬಂಧ ಆಗ್ತದೆ.”

“ಆಗುವುದಿಲ್ಲ ಸರ್,” ಎಂದಳು ಜಯಮಾಲಾ. “ಮೀನಿಗೆ ಗಡಿಯಾರ ಕಟ್ಟಿರಲಿಲ್ಲ.”

ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಗೆ ಬಂದಳು. ಕ್ಯಾಂಟೀನಿನ ಕಡೆಯಿಂದ ಎಣ್ಣೆಯಲ್ಲಿ ಬಂಗುಡೆ ಬೇಯುವ ವಾಸನೆ ಬರುತ್ತಿತ್ತು. ದೂಮಪ್ಪ ವ್ಯಾನಿಗೆ ಒರಗಿ ನಿಂತಿದ್ದ. ಸಹಿ ಆಯಿತಾ ಎಂದು ಕಣ್ಣಿನಲ್ಲೇ ಕೇಳಿದ. ಅವಳು ಪುಸ್ತಕವನ್ನು ಎತ್ತಿ ತೋರಿಸಿದಳು.